ಹಾಯಿದೋಣಿ ದುರಸ್ತಿ, ಸಂಸಾರ ಸಮೇತ ಸಮುದ್ರಯಾನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೈಸೂರಿನ ಕುವೆಂಪುನಗರದವರು. ನಾನು, ನಮ್ಮ ಮನೆಯವರು, ಆರನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. 36 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡು ದೂರದ ಯಾನಕ್ಕೆ ಸಜ್ಜು ಮಾಡುತ್ತಿದ್ದೇವೆ. ಮಳೆಗಾಲ ಕಳೆದ ಮೇಲೆ ನಾಲ್ಕೂ ಜನ ಹೊರಡುತ್ತೇವೆ. ನೆಂಟರು, ಅಕ್ಕಪಕ್ಕದವರು, ಮಕ್ಕಳ ಸ್ನೇಹಿತರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಈಚೆಗೆ ದೋಣಿ ಕೊಳ್ಳುವ ಆಸೆ ಇಟ್ಟುಕೊಂಡಿರುವ ಒಂದಿಬ್ಬರೂ ಕೇಳತೊಡಗಿದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಮೈಸೂರಿಗೆ ಸಮುದ್ರವೇ ಇಲ್ಲ. ದೋಣಿ ಎಲ್ಲಿಟ್ಟಿದ್ದೀರಿ?

ಕೊಚ್ಚಿಯಲ್ಲಿ. ನಮಗೆ ಮಂಗಳೂರೇ ಹತ್ತಿರ, ನಿಜ. ಆದರೆ ಮಂಗಳೂರು, ಮಲ್ಪೆಯ ದಕ್ಕೆಗಳು ಮೀನುಗಾರರ ಬೋಟುಗಳಿಗೆ ಅಂತ ಇರುವಂಥವು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಹೊತ್ತಿಗೆ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಕೊಚ್ಚಿಯ ಬೋಲ್ಗಟ್ಟಿ ದ್ವೀಪದಲ್ಲಿ ಕೇರಳ ಪ್ರವಾಸೋದ್ಯಮ ನಿಗಮದ ಮರೀನಾ, ಅಂದರೆ ಹಾಯಿದೋಣಿಗಳ ತಂಗುದಾಣ ಇದೆ, ವಿದೇಶದ ಹಾಯಿದೋಣಿಗಳೂ ಅಲ್ಲಿಗೆ ಬರುತ್ತವೆ. ಊರಿನಲ್ಲಿ ದೋಣಿ ಕಟ್ಟುವವರು, ವೆಲ್ಡರ್‌ಗಳು, ಫೈಬರ್ ಕೆಲಸದವರು ಸಿಗುತ್ತಾರೆ. ಈಗ ನಮ್ಮ ದೋಣಿ ನೀರಿನಿಂದ ಮೇಲೆ, ಒಂದು ಯಾರ್ಡಿನಲ್ಲಿ ಕಂಬಗಳ ಆಸರೆಯಲ್ಲಿ ನಿಂತಿದೆ.

ಮೈಸೂರಿನಿಂದ ಕಾರಿನಲ್ಲಿ ಹೋಗುವುದಾದರೆ ಒಂದಿಡೀ ಹಗಲು ಹಿಡಿಯುತ್ತದೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, ಅದು ನೆನಪಿರಲಿ. ಗುಂಡ್ಲುಪೇಟೆಯಲ್ಲಿ ಬೆಳಗಿನ ಕಾಫಿ ಮುಗಿಸಿ ಗೇಟಿಗೆ ಹೋದರೆ ಸರಿಯಾಗುತ್ತದೆ.

ಹೊಸದು ಬಿಟ್ಟು ಹಳೆಯ ದೋಣಿ ಯಾಕೆ ತಗೊಂಡ್ರಿ?

ದುಡ್ಡು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹಳೆಯ ದೋಣಿಯನ್ನು ಬಿಚ್ಚಿ ಜೋಡಿಸಿದವರಿಗೆ ಅದರ ಪ್ರತಿ ಪೈಪು, ಪ್ರತಿ ವೈರು ಎಲ್ಲಿ ಹೋಗುತ್ತದೆ ಅಂತ ಗೊತ್ತಿರುತ್ತದೆ. ದಡದಿಂದ ನೂರು ಮೈಲಿ ಆಚೆ ರಾತ್ರಿ ಎರಡು ಗಂಟೆಗೆ ಪಂಪ್ ನಿಂತರೆ ಯಾವ ಮೆಕ್ಯಾನಿಕ್ಕೂ ಬರುವುದಿಲ್ಲ, ಅಲ್ವಾ? ಆಗ ಯಾವ ಹಲಗೆ ಎತ್ತಬೇಕು, ಯಾವ ಸ್ಕ್ರೂಡ್ರೈವರ್ ಹಿಡಿಯಬೇಕು ಅಂತ ಕೈಗೆ ಗೊತ್ತಿರಬೇಕು.

ಕೊಳ್ಳುವ ಮುಂಚೆ ಏನು ನೋಡಬೇಕು?

ಮೊದಲು ದೋಣಿ ಪರೀಕ್ಷಿಸುವ ಒಬ್ಬ ಮರೀನ್ ಸರ್ವೇಯರನ್ನು ಕರೆದುಕೊಂಡು ಹೋಗಿ. ಆ ಫೀಸಿನಲ್ಲಿ ಉಳಿತಾಯ ಮಾಡಬೇಡಿ. ನೀವೂ ಒಂದು ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಡೆಕ್ಕಿನ (ದೋಣಿಯ ಮೇಲ್ಹಾಸಿನ) ಮೇಲೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ಎರಡು ಫೈಬರ್ ಪದರದ ನಡುವಿನ ಬಾಲ್ಸಾ ಮರ ನೀರು ಕುಡಿದು ಕೊಳೆತಿದ್ದರೆ ಮಂದವಾಗಿ ದೊಬ್ ಅನ್ನುತ್ತದೆ. ಅಂಥ ಡೆಕ್ಕನ್ನು ಕತ್ತರಿಸಿ, ಒಳಗಿನದನ್ನು ತೆಗೆದು ಮತ್ತೆ ಕಟ್ಟಬೇಕು. ತಿಂಗಳುಗಟ್ಟಲೆ ಕೆಲಸ.

ತಳದಲ್ಲಿ ಗುಳ್ಳೆಗಳಿದ್ದರೆ ತುಂಬಾ ಜನ ಹೆದರುತ್ತಾರೆ. ಫೈಬರ್ ಒಳಗೆ ನೀರು ಸೇರಿ ಹಾಗಾಗುತ್ತದೆ. ಒಡೆದರೆ ವಿನೆಗರ್ ಥರ ಹುಳಿ ವಾಸನೆಯ ದ್ರವ ಬರುತ್ತದೆ. ಅದನ್ನು ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಎಂಬ ನೀರು ತಡೆಯುವ ಅಂಟು ಹಚ್ಚಬಹುದು. ಸಮಯ ಬೇಡುವ ಕೆಲಸ ಅಷ್ಟೇ, ಗುಳ್ಳೆಯಿಂದ ದೋಣಿ ಮುಳುಗುವುದಿಲ್ಲ. ದೋಣಿಯ ಕೆಳಗಿನ ಭಾರದ ರೆಕ್ಕೆಗೆ ಕೀಲ್ ಅನ್ನುತ್ತಾರೆ. ಅದನ್ನು ಹಿಡಿದಿರುವ ಬೋಲ್ಟುಗಳು ಮತ್ತು ಚುಕ್ಕಾಣಿಯ ಬೇರಿಂಗುಗಳ ವಿಷಯ ಹಾಗಲ್ಲ. ಚುಕ್ಕಾಣಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಕೀಲ್ ಸೇರುವ ಜಾಗದಲ್ಲಿ ಬಿರುಕು, ತುಕ್ಕಿನ ಕಲೆ ಇದೆಯಾ ನೋಡಿ. ಅಲ್ಲಿ ಅನುಮಾನ ಬಂದರೆ ಬೇರೆ ದೋಣಿ ಹುಡುಕಿ.

ಇಷ್ಟೊಂದು ಕೆಲಸ ಇದೆ. ಯಾವುದರಿಂದ ಶುರು ಮಾಡಬೇಕು?

ಈ ಪ್ರಶ್ನೆಗೆ ನನ್ನ ಉತ್ತರ ಖಚಿತ. ಮೊದಲು ನೀರು ಒಳಗೆ ಬರದ ಹಾಗೆ ಮಾಡಿ. ಆಮೇಲೆ ಜನ ಹೊರಗೆ ಬೀಳದ ಹಾಗೆ ಮಾಡಿ. ಆಮೇಲೆ ಮಾಸ್ಟು (ಹಾಯಿ ಕಟ್ಟುವ ಕಂಬ), ಚುಕ್ಕಾಣಿ, ಎಂಜಿನ್. ಫ್ರಿಜ್, ಕುಶನ್, ಟಿವಿ, ಬಣ್ಣ ಎಲ್ಲ ಕೊನೆಗೆ.

ಸುಮ್ನೆ ಹೇಳುತ್ತಿಲ್ಲ. ಸಂಸಾರಕ್ಕೆ ಅಂತ ದೋಣಿ ಸಿದ್ಧ ಮಾಡುವವರು ಮೊದಲು ಒಳಗಿನ ಅಲಂಕಾರಕ್ಕೆ ಕೈ ಹಾಕುತ್ತಾರೆ. ಮಕ್ಕಳಿಗೆ ಹಾಸಿಗೆ, ಹೆಂಡತಿಗೆ ಅಡುಗೆಮನೆ ಅಂತ. ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ದುಡ್ಡೂ ಉಮೇದೂ ಅಲ್ಲೇ ಖಾಲಿಯಾಗಿ, ತಳದ ವಾಲ್ವು ಹಳೆಯದೇ ಉಳಿದುಬಿಡುತ್ತದೆ. ಮಕ್ಕಳಿಗೆ ಚಂದದ ಹಾಸಿಗೆಗಿಂತ ಒಣಗಿದ ಹಾಸಿಗೆ ಮುಖ್ಯ.

ತಳದ ವಾಲ್ವು ಅಂದ್ರೆ ಏನು? ಅದಕ್ಕೆ ಯಾಕೆ ಅಷ್ಟು ಮಹತ್ವ?

ದೋಣಿಯ ತಳದಲ್ಲಿ ನಾವೇ ಮಾಡಿಟ್ಟ ತೂತುಗಳಿರುತ್ತವೆ. ಎಂಜಿನ್ ತಂಪಾಗಲು ನೀರು ಒಳಗೆ ಬರಬೇಕು, ಸಿಂಕಿನ ನೀರು, ಕಕ್ಕಸಿನ ನೀರು ಹೊರಗೆ ಹೋಗಬೇಕು. ಪ್ರತಿ ತೂತಿಗೂ ಒಂದು ವಾಲ್ವು ಇರುತ್ತದೆ, ಅದಕ್ಕೆ ಸೀಕಾಕ್ ಅನ್ನುತ್ತಾರೆ. ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಒಂದೂವರೆ ಇಂಚಿನ ವಾಲ್ವು ಮುರಿದರೆ ನಿಮಿಷಕ್ಕೆ ನೂರು ಲೀಟರಿಗೂ ಜಾಸ್ತಿ ನೀರು ನುಗ್ಗುತ್ತದೆ. ಮನೆ ಮೇಲಿನ 1000 ಲೀಟರಿನ ಸಿಂಟೆಕ್ಸ್ ಹತ್ತು ನಿಮಿಷದೊಳಗೆ ತುಂಬುವ ಲೆಕ್ಕ.

ನಮ್ಮ ದೋಣಿಯಲ್ಲಿ ಎರಡು ವಾಲ್ವುಗಳು ಸಾಮಾನ್ಯ ಹಿತ್ತಾಳೆಯವು ಇದ್ದವು. ಹಿತ್ತಾಳೆಯಲ್ಲಿ ಸತು ಇರುತ್ತದೆ. ಉಪ್ಪುನೀರು ಆ ಸತುವನ್ನು ನಿಧಾನಕ್ಕೆ ತಿಂದುಹಾಕುತ್ತದೆ, ಉಳಿಯುವುದು ಪೊಳ್ಳು ತಾಮ್ರ. ಹೊರಗಿನಿಂದ ಆಕಾರ ಹಾಗೇ ಇರುತ್ತದೆ. ಬಿಚ್ಚಿದ ವಾಲ್ವನ್ನು ಅರದಿಂದ ಉಜ್ಜಿದಾಗ ಹಳದಿ ಬರಬೇಕಾದ ಕಡೆ ನಸುಗೆಂಪು ಬಣ್ಣ ಬಂತು. ಸುತ್ತಿಗೆಯಲ್ಲಿ ಒಂದು ಪೆಟ್ಟು ಕೊಟ್ಟರೆ ಬಿಸ್ಕತ್ತು ಮುರಿದ ಹಾಗೆ ಮುರಿಯಿತು. ಎಲ್ಲವನ್ನೂ ಕಂಚಿನ ವಾಲ್ವುಗಳಿಗೆ ಬದಲಾಯಿಸಿದೆವು. ಸತು ಬಿಟ್ಟುಕೊಡದ ಹಾಗೆ ಮಾಡಿದ ಡಿಜೆಡ್‌ಆರ್ ಹಿತ್ತಾಳೆ ಕೂಡ ನಡೆಯುತ್ತದೆ. ಊರಿನ ಹಾರ್ಡ್‌ವೇರ್ ಅಂಗಡಿಯ ಬಾಲ್ ವಾಲ್ವು ಮಾತ್ರ ಬೇಡವೇ ಬೇಡ, ಎಷ್ಟೇ ಹೊಳೆಯುತ್ತಿರಲಿ.

ಪ್ರತಿ ವಾಲ್ವಿನ ಪಕ್ಕದಲ್ಲೂ ಅದರ ಅಳತೆಯ ಮೆತ್ತನೆ ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡಿ. ಮುರಿದರೆ ಅದನ್ನು ತುರುಕಿ ಸುತ್ತಿಗೆಯಲ್ಲಿ ಹೊಡೆದರಾಯಿತು. ಯಾವ ವಾಲ್ವು ಎಲ್ಲಿದೆ ಅಂತ ನಕ್ಷೆ ಬರೆದು ಬಾಗಿಲ ಹತ್ತಿರ ಅಂಟಿಸಿದ್ದೇವೆ. ಮಗಳು ಕತ್ತಲಲ್ಲಿ ಟಾರ್ಚ್ ಇಲ್ಲದೆ ಎಲ್ಲವನ್ನೂ ಮುಟ್ಟಿ ತೋರಿಸುತ್ತಾಳೆ. ಕರೆಂಟಿನ ಪಂಪ್ ಜೊತೆಗೆ ಕೈಯಲ್ಲಿ ಒತ್ತುವ ದೊಡ್ಡ ಪಂಪೂ ಇರಲಿ, ಮತ್ತೆ ಎರಡು ಗಟ್ಟಿ ಬಕೆಟ್.

ಬಿರುಗಾಳಿಯಲ್ಲಿ ಮಾಸ್ಟ್ ಮುರಿಯುತ್ತದಂತೆ, ಹೌದಾ?

ಮುರಿಯಬಹುದು. 2018ರ ಸೆಪ್ಟೆಂಬರಿನಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮಗುಚಿ ಮಾಸ್ಟ್ ಕಳೆದುಕೊಂಡಿತು. ಅವರಿಗೆ ಬೆನ್ನುಮೂಳೆಗೆ ಪೆಟ್ಟಾಗಿ, ಫ್ರಾನ್ಸಿನ ಒಂದು ಹಡಗು ಕಾಪಾಡಿತು. ಅವರು ಮತ್ತೆ ಅದೇ ರೇಸಿಗೆ ಹೋಗಿ 2023ರಲ್ಲಿ ಎರಡನೇ ಸ್ಥಾನ ಪಡೆದರು. ಅಂಥ ಕಡಲಿಗೆ ನಾವು ಹೋಗುವುದಿಲ್ಲ. ನಮ್ಮಂಥವರ ಮಾಸ್ಟ್ ಬೀಳುವುದು ಸಾಮಾನ್ಯವಾಗಿ ಯಾವುದೋ ಸಣ್ಣ ಲೋಹದ ತುಂಡು ಕೈಕೊಟ್ಟಾಗ.

ಮಾಸ್ಟನ್ನು ನಾಲ್ಕೂ ಕಡೆಯಿಂದ ಸ್ಟೀಲ್ ತಂತಿಹಗ್ಗಗಳು ಎಳೆದು ಹಿಡಿದಿರುತ್ತವೆ. ಅವುಗಳ ಆಯಸ್ಸು ಸುಮಾರು ಹತ್ತು ಹದಿನೈದು ವರ್ಷ, ನಮ್ಮ ಸೆಕೆಗೆ ಹತ್ತೇ ವರ್ಷ ಅಂದುಕೊಳ್ಳಿ. ವಯಸ್ಸು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಬದಲಾಯಿಸಿ. ತಂತಿಗಿಂತ ಅದನ್ನು ದೋಣಿಗೆ ಕಟ್ಟುವ ಚೈನ್‌ಪ್ಲೇಟ್ ಎಂಬ ಸ್ಟೀಲ್ ಪಟ್ಟಿಯ ಮೇಲೆ ನನಗೆ ಜಾಸ್ತಿ ಅನುಮಾನ. ಅದು ಡೆಕ್ಕನ್ನು ಹಾದು ಒಳಗೆ ಹೋಗುವ ಜಾಗದಲ್ಲಿ ಉಪ್ಪುನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಆಮ್ಲಜನಕದಿಂದ ಉಂಟಾಗುವ ತೆಳು ಪದರ. ಗಾಳಿ ಇಲ್ಲದ ಕಡೆ ಆ ಪದರ ಉಳಿಯುವುದಿಲ್ಲ, ಲೋಹ ಒಳಗೊಳಗೇ ಸೀಳುತ್ತದೆ.

ನಾವು ಎಲ್ಲ ಚೈನ್‌ಪ್ಲೇಟ್‌ಗಳನ್ನೂ ಬಿಚ್ಚಿ ಮೈಸೂರಿಗೆ ತಂದು, ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಅಲ್ಲಿನ ಹುಡುಗ ಪಟ್ಟಿಯನ್ನು ಚೆನ್ನಾಗಿ ಒರೆಸಿ ಕೆಂಪು ಬಣ್ಣ ಸ್ಪ್ರೇ ಮಾಡಿದ. ಹತ್ತು ಹದಿನೈದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದ. ಪಟ್ಟಿ ಮತ್ತೆ ಹೊಸದರ ಹಾಗೆ ಹೊಳೆಯುತ್ತಿತ್ತು. ಆಮೇಲೆ ಬಿಳಿ ಡೆವಲಪರ್ ಸ್ಪ್ರೇ ಮಾಡಿದ. ಅದು ಒಣಗುತ್ತಿದ್ದ ಹಾಗೆ ಮೇಲಿನಿಂದ ಎರಡನೇ ಬೋಲ್ಟಿನ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು, ನೋಡನೋಡುತ್ತಾ ಅಗಲವಾಯಿತು. ಬಿರುಕಿನೊಳಗೆ ಕೂತಿದ್ದ ಬಣ್ಣವನ್ನು ಬಿಳಿ ಪುಡಿ ಹೊರಗೆಳೆದಿತ್ತು. ಅದೇ ವರ್ಕ್‌ಶಾಪಿನಲ್ಲಿ 316 ದರ್ಜೆಯ ಸ್ಟೀಲಿನಲ್ಲಿ ಒಂದು ಸುತ್ತು ದಪ್ಪದ ಹೊಸ ಪಟ್ಟಿಗಳನ್ನು ಮಾಡಿಸಿದೆವು. ಈ ಪರೀಕ್ಷೆಗೆ ಹೆಚ್ಚು ಖರ್ಚಾಗುವುದಿಲ್ಲ. ದಯವಿಟ್ಟು ಮಾಡಿಸಿ.

ಚುಕ್ಕಾಣಿ ಕೆಟ್ಟರೆ?

ಚುಕ್ಕಾಣಿ ತಿರುಗಿಸುವ ಚಕ್ರ ಕೆಟ್ಟರೆ ನೇರವಾಗಿ ಚುಕ್ಕಾಣಿಯ ದಂಡಕ್ಕೆ ಸಿಕ್ಕಿಸುವ ಉದ್ದನೆಯ ಹಿಡಿಕೆ ಇಟ್ಟುಕೊಂಡಿದ್ದೇವೆ. ನೌಕಾಪಡೆಯ ಆರು ಜನ ಮಹಿಳಾ ಅಧಿಕಾರಿಗಳು ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿದೋಣಿಯಲ್ಲಿ 2017-18ರಲ್ಲಿ ಭೂಮಿ ಸುತ್ತಿದಾಗ ಸ್ಟೀರಿಂಗ್ ತೊಂದರೆಯಿಂದ ಮಾರಿಷಸ್ಸಿನಲ್ಲಿ ನಿಲ್ಲಬೇಕಾಯಿತು. ಗೋವಾದಲ್ಲಿ ಕಟ್ಟಿದ, ಅಷ್ಟು ಚೆನ್ನಾಗಿ ಸಜ್ಜಾಗಿದ್ದ ದೋಣಿಗೇ ಹಾಗಾಯಿತು ಅಂದ ಮೇಲೆ ನಾವು ತಯಾರಿರಬೇಕು. ಆ ಹಿಡಿಕೆಯನ್ನು ಒಮ್ಮೆಯಾದರೂ ಸಿಕ್ಕಿಸಿ ಓಡಿಸಿ ನೋಡಿ. ಎಷ್ಟೋ ದೋಣಿಗಳಲ್ಲಿ ಅದು ಸೀಟಿಗೆ ತಗುಲಿ ತಿರುಗುವುದೇ ಇಲ್ಲ.

ಮೈಸೂರಿನಲ್ಲಿ ಕೂತೇ ಏನೇನು ಕೆಲಸ ಮಾಡಿಸಬಹುದು?

ಬಹಳಷ್ಟು. ಲೋಹದ ಕೆಲಸ ಹೇಳಿದೆನಲ್ಲ. ಮರದ ಕೆಲಸಕ್ಕೆ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈವುಡ್ ಕೇಳಿ ತಗೊಳ್ಳಿ. ಅಳತೆಗೆ ರಟ್ಟಿನ ಮಾದರಿ ಕತ್ತರಿಸಿಕೊಂಡು ಬಂದರೆ ಬಡಗಿ ಇಲ್ಲೇ ಮಾಡಿಕೊಡುತ್ತಾರೆ. ಪ್ಲೈವುಡ್ಡಿನ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಕುಡಿಸಬೇಕು. ನೀರು ಒಳಹೋಗುವುದು ಅಲ್ಲಿಂದಲೇ.

ಹೊಲಿಗೆಯ ಕೆಲಸಕ್ಕೆ ಟಾರ್ಪಾಲಿನ್ ಹೊಲಿಯುವವರ ಹತ್ತಿರ ಹೋಗಿ. ದೋಣಿ ಒಂದು ಕಡೆ ವಾಲಿಕೊಂಡೇ ಗಂಟೆಗಟ್ಟಲೆ ಓಡುತ್ತದೆ. ಮಲಗಿದವರು ಉರುಳಿ ಬೀಳದ ಹಾಗೆ ಮಂಚದ ಬದಿಗೆ ಕ್ಯಾನ್ವಾಸಿನ ತಡೆ ಕಟ್ಟುತ್ತಾರೆ. ನಾವು ಹೊಲಿಸಿದ್ದು ದಪ್ಪ ಬಟ್ಟೆಯಲ್ಲಿ, ಅಂಚು ಮೂರು ಮಡಿಕೆ, ಮೂಲೆಗೆ ಬೆಲ್ಟಿನ ಪಟ್ಟಿ ಸೇರಿಸಿ, ಪಟ್ಟಿಯ ಮೇಲೆ ಚೌಕ ಹಾಕಿ ಒಳಗೆ ಗುಣಾಕಾರದ ಗುರುತಿನ ಹೊಲಿಗೆ. ದಾರ ಪಾಲಿಯೆಸ್ಟರಿನದೇ ಆಗಿರಬೇಕು, ಹತ್ತಿಯದು ಕೊಳೆಯುತ್ತದೆ. ಹೊಲಿದಾದ ಮೇಲೆ ಮನೆಯ ಮಂಚಕ್ಕೆ ಕಟ್ಟಿ, ನಮ್ಮ ಮನೆಯವರು ಅದಕ್ಕೆ ಒರಗಿ ಪೂರ್ತಿ ಭಾರ ಬಿಟ್ಟು ನೋಡಿದರು. ಹಾಯಿಗಳನ್ನು ಮಾತ್ರ ಹಾಯಿ ಹೊಲಿಯುವವರಿಗೇ ಕೊಡಿ.

ಎಂಜಿನ್ ಕೆಲಸ ಯಾರು ಮಾಡಿದ್ರು?

ಮಂಡ್ಯದ ಹತ್ತಿರದ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್. ಇದನ್ನು ಕೇಳಿ ಆಶ್ಚರ್ಯ ಪಡುವವರೇ ಜಾಸ್ತಿ. ಹಾಯಿದೋಣಿಗಳಿಗೆ ಕೂರಿಸುವ ಬೀಟಾ ಕಂಪನಿಯ ಎಂಜಿನ್ನುಗಳ ಬುಡ ಕುಬೋಟಾದ್ದು. ಕುಬೋಟಾ ಟ್ರ್ಯಾಕ್ಟರುಗಳು ನಮ್ಮ ಗದ್ದೆಗಳಲ್ಲೇ ಓಡುತ್ತಿವೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಾಟಿಯ ಸಮಯದಲ್ಲಿ ಟ್ರ್ಯಾಕ್ಟರ್ ನಿಂತರೆ ಕೆಸರಿನಲ್ಲೇ ನಿಂತು ರಿಪೇರಿ ಮಾಡುವ ಜನ ಇವರು. ಸಣ್ಣ ಡೀಸೆಲ್ ಎಂಜಿನ್ನಿನ ಬಗ್ಗೆ ಅವರಿಗಿಂತ ಚೆನ್ನಾಗಿ ಯಾರು ಹೇಳಿಕೊಟ್ಟಾರು?

ಡೀಸೆಲ್ ಲೈನಿಗೆ ಗಾಳಿ ಸೇರಿದರೆ ಎಂಜಿನ್ ನಿಲ್ಲುತ್ತದೆ. ಅವರು ನನಗೂ ಮಗಳಿಗೂ ಗಾಳಿ ಬಿಡಿಸುವುದನ್ನು ಕಲಿಸಿದರು. ಫಿಲ್ಟರಿನ ಮೇಲಿನ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಕೈಪಂಪಿನ ಗುಂಡಿ ಒತ್ತುತ್ತಾ ಇರಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಗಳು, ಆಮೇಲೆ ತಿಳಿ ಡೀಸೆಲ್. ತಿಳಿಯಾದ ತಕ್ಷಣ, ಗುಂಡಿ ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿಯಬೇಕು. "ಕೈ ಬಿಟ್ಟು ಬಿಗಿದ್ರೆ ಮತ್ತೆ ಗಾಳಿ ಎಳ್ಕೊಳ್ತದೆ ಕಣವ್ವ" ಅಂತ ಮಗಳ ಬೆರಳು ಹಿಡಿದು ತೋರಿಸಿದರು.

ಸಮುದ್ರದ ಎಂಜಿನ್ನಿನಲ್ಲಿ ಟ್ರ್ಯಾಕ್ಟರಿನದಕ್ಕಿಂತ ಹೆಚ್ಚಿಗೆ ಇರುವುದು ಉಪ್ಪುನೀರಿನ ಪಂಪ್. ಅದರೊಳಗಿನ ರಬ್ಬರ್ ಇಂಪೆಲ್ಲರ್ ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಹರಿದುಹೋಗುತ್ತದೆ. ಬದಲಿ ನಾಲ್ಕೈದು ಇರಲಿ. ನೀರು ಬೇರ್ಪಡಿಸುವ ಡೀಸೆಲ್ ಫಿಲ್ಟರುಗಳೂ ಅಷ್ಟೇ ಇರಲಿ.

ಮಕ್ಕಳು ನೀರಿಗೆ ಬಿದ್ದರೆ ಏನ್ ಮಾಡ್ತೀರಿ?

ಅತ್ತೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದೇ. ಅವರು ಕೇಳಿದ್ದು ಸರಿ. ಬೀಳದ ಹಾಗೆ ನೋಡಿಕೊಳ್ಳುವುದೇ ಇದಕ್ಕೆ ಉತ್ತರ, ಯಾಕೆಂದರೆ ಅಲೆಗಳ ನಡುವೆ ಒಂದು ಸಣ್ಣ ತಲೆ ಕ್ಷಣದಲ್ಲಿ ಮರೆಯಾಗುತ್ತದೆ.

ಡೆಕ್ಕಿನ ಸುತ್ತಲಿನ ತಂತಿಬೇಲಿಗೆ ಪೂರ್ತಿ ಬಲೆ ಕಟ್ಟಿದ್ದೇವೆ. ಹಿಂದಿನಿಂದ ಮುಂದಿನವರೆಗೆ ಎರಡೂ ಬದಿಗೆ ಗಟ್ಟಿಯಾದ ಚಪ್ಪಟೆ ಪಟ್ಟಿ ಹಾಸಿದ್ದೇವೆ, ಅದಕ್ಕೆ ಜಾಕ್‌ಲೈನ್ ಅನ್ನುತ್ತಾರೆ. ದುಂಡಗಿನ ಹಗ್ಗ ಆಗುವುದಿಲ್ಲ, ಕಾಲ ಕೆಳಗೆ ಉರುಳಿ ಬೀಳಿಸುತ್ತದೆ. ಪ್ರತಿಯೊಬ್ಬರ ಎದೆಪಟ್ಟಿಯಿಂದ ಒಂದು ಬಳ್ಳಿ ಆ ಪಟ್ಟಿಗೆ ಕೊಕ್ಕೆ ಹಾಕಿರುತ್ತದೆ. ಬಳ್ಳಿಗೆ ಒಂದು ಗಿಡ್ಡ, ಒಂದು ಉದ್ದ, ಎರಡು ಕೊಕ್ಕೆ ಇರಬೇಕು. ಒಂದನ್ನು ಹಾಕಿದ ಮೇಲೆ ಇನ್ನೊಂದನ್ನು ಬಿಚ್ಚಬೇಕು. ಆದಷ್ಟು ಗಿಡ್ಡದ್ದನ್ನೇ ಬಳಸಿ. ಉದ್ದದ್ದು ಹಾಕಿಕೊಂಡು ಬಿದ್ದವರು ಬಲೆ ದಾಟಿ ನೀರಿನಲ್ಲಿ ಎಳೆದಾಡಿಕೊಂಡು ಹೋಗಬಹುದು.

ಮಕ್ಕಳ ಲೈಫ್ ಜಾಕೆಟ್ಟಿಗೆ ತೊಡೆಯ ನಡುವಿನ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ನಮ್ಮಲ್ಲಿ ನಿಯಮ ಒಂದೇ: ಒಳಗಿನಿಂದ ಮೆಟ್ಟಿಲು ಹತ್ತುವಾಗಲೇ ಜಾಕೆಟ್, ಕೊಕ್ಕೆ. ರಾತ್ರಿ ದೊಡ್ಡವರಿಗೂ ಅದೇ. ದೊಡ್ಡವರು ಪಾಲಿಸದ ನಿಯಮವನ್ನು ಮಕ್ಕಳು ಎರಡನೇ ದಿನಕ್ಕೆ ಬಿಡುತ್ತಾರೆ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ: ನಮ್ಮ ಮನೆಯವರೇ ಬಿದ್ದರೆ? ಅವರ ತೂಕ ನನಗಿಂತ ಬಹಳ ಜಾಸ್ತಿ. ಒದ್ದೆ ಬಟ್ಟೆಯಲ್ಲಿರುವ ದೊಡ್ಡ ಮನುಷ್ಯನನ್ನು ಕೈಯಲ್ಲಿ ಎಳೆದು ಮೇಲೆ ಹಾಕಲು ಆಗುವುದೇ ಇಲ್ಲ. ಅದಕ್ಕೆ ನಾಲ್ಕು ಪಟ್ಟು ಬಲ ಕೊಡುವ ರಾಟೆಯ ಸೆಟ್ ಒಂದನ್ನು ಬೂಮಿಗೆ (ಹಾಯಿಯ ಕೆಳಗಿನ ಅಡ್ಡದಂಡಕ್ಕೆ) ಕಟ್ಟಿ, ಹಗ್ಗದ ತುದಿಯನ್ನು ಹಿಡಿಕೆ ತಿರುಗಿಸಿ ಹಗ್ಗ ಎಳೆಯುವ ವಿಂಚಿಗೆ ಸುತ್ತುತ್ತೇವೆ. ಯಾರ್ಡಿನಲ್ಲಿ ಅವರನ್ನು ನೆಲದಿಂದ ಡೆಕ್ಕಿನ ಎತ್ತರಕ್ಕೆ ನಾನೊಬ್ಬಳೇ ಎತ್ತಿದ್ದೇನೆ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಗುರ ಇರುವ ದೊಡ್ಡವರು ಎಲ್ಲರಿಗಿಂತ ಭಾರ ಇರುವವರನ್ನು ಎತ್ತಬಲ್ಲರಾ? ಆ ಪರೀಕ್ಷೆ ಆಗದೆ ಹೊರಡಬೇಡಿ.

ಅಲ್ಲಾಡುವ ದೋಣಿಯಲ್ಲಿ ಅಡುಗೆ ಹೇಗೆ?

ಒಲೆ ತೂಗುವ ಕೊಂಡಿಗಳ ಮೇಲೆ ನಿಂತಿರುತ್ತದೆ. ದೋಣಿ ವಾಲಿದರೂ ಒಲೆ ಮಟ್ಟವಾಗಿರುತ್ತದೆ. ಪಾತ್ರೆಯನ್ನು ಎರಡು ಕಡೆಯಿಂದ ಹಿಡಿಯುವ ಕ್ಲಾಂಪುಗಳಿವೆ. ದೋಣಿಗೆ ಪ್ರೆಶರ್ ಕುಕ್ಕರಿಗಿಂತ ಒಳ್ಳೆ ಪಾತ್ರೆ ಇಲ್ಲ. ಮುಚ್ಚಳ ಬಿಗಿಯಾಗಿರುವುದರಿಂದ ಚೆಲ್ಲುವುದಿಲ್ಲ, ನೀರೂ ಗ್ಯಾಸೂ ಕಡಿಮೆ ಸಾಕು. ಗ್ಯಾಸ್ಕೆಟ್, ಸೇಫ್ಟಿ ವಾಲ್ವು ಜಾಸ್ತಿ ಇಟ್ಟುಕೊಳ್ಳಿ.

ಗ್ಯಾಸಿನ ಬಗ್ಗೆ ಎಚ್ಚರ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಲಾದರೂ ಹೊರಗೆ ಹೋಗುತ್ತದೆ. ದೋಣಿಯಲ್ಲಿ ಅದು ತಳಕ್ಕಿಳಿದು ಅಲ್ಲೇ ತುಂಬಿಕೊಳ್ಳುತ್ತದೆ, ಪಂಪಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಸಿಲಿಂಡರನ್ನು ಒಳಗೆ ಇಡಬಾರದು. ಡೆಕ್ಕಿನಲ್ಲಿ ಅದಕ್ಕೇ ಅಂತ ಒಂದು ಪೆಟ್ಟಿಗೆ ಇರಬೇಕು, ಒಳಗಿನ ಕೋಣೆಗಳಿಗೆ ಸಂದಿ ಇರಬಾರದು, ಅದರ ತಳದಿಂದ ಒಂದು ಪೈಪು ದೋಣಿಯ ಹೊರಗೆ ಹೋಗಬೇಕು. ಮನೆಯ 14.2 ಕೆಜಿ ಸಿಲಿಂಡರ್ ಹಿಡಿಸುವುದಿಲ್ಲ, 5 ಕೆಜಿಯದು ಅನುಕೂಲ. ಅಡುಗೆ ಆದ ಮೇಲೆ ಮೊದಲು ಸಿಲಿಂಡರ್ ಆಫ್ ಮಾಡಿ, ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಮುಗಿದ ಮೇಲೆ ಒಲೆಯ ಗುಂಡಿ ತಿರುಗಿಸಿ. ತಳದಲ್ಲಿ ಗ್ಯಾಸ್ ಅಲಾರಂ ಹಾಕಿಸಿದ್ದೇವೆ.

ಸಾಮಾನಿಗೆ ನಮ್ಮ ಊರಿನ ಊಟವೇ ಹೊಂದುತ್ತದೆ. ರಾಗಿ ಕಾಳಾಗಿ ಇಟ್ಟರೆ ಬಹಳ ಕಾಲ ಹುಳ ಹಿಡಿಯುವುದಿಲ್ಲ. ಹಿಟ್ಟು ಬೇಕಾದಷ್ಟೇ ಸಣ್ಣ ಸಣ್ಣ ಡಬ್ಬಿಗಳಲ್ಲಿ ಇರಲಿ. ಅಕ್ಕಿ, ತೊಗರಿಬೇಳೆ, ಹುರುಳಿಕಾಳು, ಸಾರಿನ ಪುಡಿ, ಹುಣಸೆಹಣ್ಣು, ಉಪ್ಪಿನಕಾಯಿ, ಒಣಗಿಸಿದ ಸಂಡಿಗೆ. ಕಡಲು ಒರಟಾದ ದಿನ ಒಗ್ಗರಣೆಗೆ ಬಿಸಿ ಎಣ್ಣೆ ಇಡುವುದೇ ಬೇಡ. ಅಂಥ ದಿನಕ್ಕೆ ಥರ್ಮಾಸಿನಲ್ಲಿ ಮೊದಲೇ ಮಾಡಿಟ್ಟ ರಾಗಿ ಅಂಬಲಿ, ಮೇಲೆ ಒಂದು ಶುಂಠಿ ತುಂಡು.

ಕರೆಂಟು, ಫ್ರಿಜ್?

ಎಲ್ಲ 12 ವೋಲ್ಟ್. ಫ್ರಿಜ್ಜೇ ದೊಡ್ಡ ಹೊಟ್ಟೆಬಾಕ, ನಮ್ಮ ಸೆಕೆಯಲ್ಲಿ ದಿನಕ್ಕೆ 50-60 ಆಂಪಿಯರ್ ಅವರ್ ಬೇಕು. ತಾನಾಗೇ ಚುಕ್ಕಾಣಿ ಹಿಡಿಯುವ ಆಟೋಪೈಲಟ್ ಕೂಡ ಅಷ್ಟೇ ತಿನ್ನುತ್ತದೆ. ದೀಪ, ರೇಡಿಯೋ, ಉಪಕರಣ ಸೇರಿ ದಿನಕ್ಕೆ ಸುಮಾರು 140 ಅನ್ನಿ. 400 ವ್ಯಾಟಿನ ಸೋಲಾರ್ ಒಳ್ಳೆ ಬಿಸಿಲಿದ್ದರೆ ಅಷ್ಟನ್ನು ಕೊಡುತ್ತದೆ. ಮೋಡದ ದಿನ ಫ್ರಿಜ್ ಆಫ್. ಮನೆಯ ವೈರಿಂಗ್ ತಂತಿ ಹಾಕಬೇಡಿ, ಉಪ್ಪಿನ ಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ. ತವರ ಲೇಪಿಸಿದ ತಂತಿಯೇ ಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು.

ಕುಡಿಯುವ ನೀರು?

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್. ಪಾತ್ರೆ ತೊಳೆಯಲು ಸಮುದ್ರದ ನೀರು, ಕೊನೆಗೊಂದು ಲೋಟ ಸಿಹಿನೀರು. ಎರಡು ಟ್ಯಾಂಕ್ ಬೇರೆ ಬೇರೆ ಇರಲಿ, ಒಂದು ಕೆಟ್ಟರೆ ಇನ್ನೊಂದಿರುತ್ತದೆ.

ಅಪಾಯ ಬಂದರೆ ಯಾರಿಗೆ ಹೇಗೆ ತಿಳಿಸುತ್ತೀರಿ?

ಹತ್ತಿರದ ಹಡಗಿಗೆ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554, ಮೊಬೈಲ್ ಸಿಗ್ನಲ್ ಇರುವಷ್ಟು ದೂರ ಅದು ಸಾಕು. ಅದರಾಚೆಗೆ ಇಪರ್ಬ್. ಇದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಸಣ್ಣ ಪೆಟ್ಟಿಗೆ, ಆನ್ ಮಾಡಿದರೆ ಕನಿಷ್ಠ 48 ಗಂಟೆ ಕೂಗುತ್ತಲೇ ಇರುತ್ತದೆ. ನಮ್ಮ ದೇಶದ ಪಾಲಿಗೆ ಆ ಸಂಕೇತ ಬಂದು ಸೇರುವುದು ಬೆಂಗಳೂರಿಗೆ, ಇಸ್ರೋದ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ. ಅಲ್ಲಿಂದ ಕಾವಲು ಪಡೆಯ ರಕ್ಷಣಾ ಕೇಂದ್ರಗಳಿಗೆ ಸುದ್ದಿ ಹೋಗುತ್ತದೆ. ಪೆಟ್ಟಿಗೆಯನ್ನು ನೋಂದಾಯಿಸಿ, ದಡದಲ್ಲಿರುವ ಇಬ್ಬರ ಫೋನ್ ನಂಬರ್ ಕೊಡಿ. ನಾವು ಕೊಟ್ಟಿರುವುದು ಮೈದುನನದು, ನನ್ನ ತಮ್ಮನದು.

ಸ್ಯಾಟಲೈಟ್ ಫೋನ್ ತರಿಸಿಕೊಳ್ಳುವ ಮುಂಚೆ ಯೋಚಿಸಿ. ಥುರಾಯಾ, ಇರಿಡಿಯಂ ಫೋನುಗಳನ್ನು ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಟ್ರೆಕ್ಕಿಂಗ್ ಮಾಡುವವರು ಹಿಡಿದುಕೊಂಡು ಓಡಾಡುವ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ಕೂಡ ಇರಿಡಿಯಂ ಮೇಲೇ ನಡೆಯುವುದು. ದೂರಸಂಪರ್ಕ ಇಲಾಖೆಯ ಅನುಮತಿ ಪಡೆದೇ ಮುಂದುವರಿಯಿರಿ.

ಯಾವಾಗ ಹೊರಡುತ್ತೀರಿ, ಎಲ್ಲಿಗೆ?

ಡಿಸೆಂಬರ್ ಕೊನೆಗೆ. ನೈಋತ್ಯ ಮುಂಗಾರಿನಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಅಕ್ಟೋಬರ್, ನವೆಂಬರ್ ಕೂಡ ನನಗೆ ಇಷ್ಟವಿಲ್ಲ. 2017ರ ಒಖಿ ಚಂಡಮಾರುತ ನವೆಂಬರ್ ಕೊನೆಯಲ್ಲೇ ಎದ್ದು ಕೇರಳ, ಲಕ್ಷದ್ವೀಪಗಳನ್ನು ಹೊಡೆಯಿತು. ಜನವರಿಯಿಂದ ಮಾರ್ಚ್‌ವರೆಗೆ ಈಶಾನ್ಯದ ಹಗುರ ಗಾಳಿ ಇರುತ್ತದೆ. ಕೊಚ್ಚಿಯಿಂದ ಮಾಲ್ಡೀವ್ಸ್‌ನ ಉತ್ತರ ತುದಿಯ ಉಲಿಗಮು ಸುಮಾರು 270 ನಾಟಿಕಲ್ ಮೈಲಿ, ನಮ್ಮ ದೋಣಿಗೆ ಎರಡೂವರೆ ಮೂರು ದಿನ. ಮಕ್ಕಳ ಮೊದಲ ಯಾನಕ್ಕೆ ಅದು ಹದವಾದ ದೂರ. ಅಲ್ಲಿಂದ ಮುಂದಿನದನ್ನು ಮಕ್ಕಳ ಮುಖ ನೋಡಿ ತೀರ್ಮಾನಿಸುತ್ತೇವೆ.

ಶಾಲೆ?

ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು, ಎಂಟನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ಮಗಳು ಸಿ ಹಂತಕ್ಕೆ ಓದುತ್ತಾಳೆ. ಮಗನಿಗೆ ಕನ್ನಡ ಓದು ಬರಹ, ಲೆಕ್ಕ ತಪ್ಪದೆ ದಿನಾ ಬೆಳಿಗ್ಗೆ. ದಿಕ್ಸೂಚಿ, ನಕ್ಷೆ, ಅಲೆಯ ಲೆಕ್ಕ ದೋಣಿಯೇ ಕಲಿಸುತ್ತದೆ.

ವಾಂತಿ ಬರಲ್ವಾ?

ಬರುತ್ತದೆ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ದೂರದ ದಿಗಂತ ನೋಡುತ್ತಾ ಹೊರಗೆ ಕೂರುವುದು ಒಳ್ಳೆಯದು. ಮಕ್ಕಳ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ. ಅದನ್ನೂ ಮೊದಲು ದಡದಲ್ಲಿ ಕೊಟ್ಟು ನೋಡಿ.

ಖರ್ಚು ಎಷ್ಟಾಗುತ್ತೆ?

ದೋಣಿಗೆ ಕೊಟ್ಟಷ್ಟನ್ನೇ ದುರಸ್ತಿಗೂ ಎತ್ತಿಡಿ. ಕಡಿಮೆಯಲ್ಲಿ ಮುಗಿದರೆ ಸಂತೋಷ. ಸಣ್ಣ ದೋಣಿ ತಗೊಳ್ಳಿ ಅನ್ನುವುದು ನನ್ನ ಸಲಹೆ. ಉದ್ದ ನಾಲ್ಕಡಿ ಜಾಸ್ತಿಯಾದರೆ ಹಾಯಿ, ಹಗ್ಗ, ಲಂಗರು, ಬಣ್ಣ, ನಿಲ್ಲಿಸುವ ಬಾಡಿಗೆ ಎಲ್ಲವೂ ಏರುತ್ತವೆ.

ಹೊರಡಲು ತಯಾರಾಗಿದ್ದೇವೆ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ಕೊಚ್ಚಿಯಿಂದ ಕೊಲ್ಲಂವರೆಗೆ ಹೋಗಿ ಬರುತ್ತೇವೆ, ಅದರಲ್ಲಿ ಒಂದು ರಾತ್ರಿಯಾದರೂ ಕಡಲ ಮೇಲೆ. ಕೇರಳದ ದಡದುದ್ದಕ್ಕೂ ರಾತ್ರಿ ದೀಪ ಇಲ್ಲದ ಬಲೆಗಳು, ಸಣ್ಣ ದೋಣಿಗಳು ಇರುತ್ತವೆ. ಪಹರೆ ಹೇಗಿರಬೇಕು ಅಂತ ಅಲ್ಲಿ ಕಲಿಯದೆ ವಿಧಿಯಿಲ್ಲ. ಆ ಯಾನದಲ್ಲಿ ಒಂದು ದಿನ ನಮ್ಮ ಮನೆಯವರು ಒಳಗೆ ಮಲಗಿರಬೇಕು, ನಾನು ಒಬ್ಬಳೇ ಹಾಯಿ ಏರಿಸಿ, ಇಳಿಸಿ, ಲಂಗರು ಹಾಕಬೇಕು. ಮರುದಿನ ಅವರ ಸರದಿ. ಇಬ್ಬರಲ್ಲಿ ಒಬ್ಬರಿಗೇ ದೋಣಿ ನಡೆಸಲು ಬರುವ ಸಂಸಾರ ದಡ ಬಿಡಬಾರದು.

ನಮಗೂ ಆಸೆ ಇದೆ. ಮೊದಲು ಏನು ಮಾಡಬೇಕು?

ದೋಣಿ ಕೊಳ್ಳಬೇಡಿ. ಮೊದಲು ಹಾಯಿ ನಡೆಸುವುದನ್ನು ಕಲಿಯಿರಿ. ಮಕ್ಕಳಿಗೆ ಆಪ್ಟಿಮಿಸ್ಟ್ ಅಂತ ಎಂಟಡಿಯೊಳಗಿನ ಪುಟ್ಟ ಹಾಯಿದೋಣಿ ಇದೆ, ಹೈದರಾಬಾದಿನ ಹುಸೇನ್ ಸಾಗರದಲ್ಲಿ ಎಷ್ಟೋ ಮಕ್ಕಳು ಅದರಲ್ಲೇ ಕಲಿತಿದ್ದಾರೆ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆಯ ತರಬೇತಿ ಇದೆ. ಆಮೇಲೆ ಬೇರೆಯವರ ದೋಣಿಯಲ್ಲಿ ಕೆಲಸದವರಾಗಿ ಹೋಗಿ, ಒಂದು ರಾತ್ರಿ ಕಡಲ ಮೇಲೆ ಕಳೆದು ನೋಡಿ. ಮನೆಯಲ್ಲಿ ಯಾರಿಗಾದರೂ ಮನಸ್ಸಿಲ್ಲದಿದ್ದರೆ ಅವರನ್ನು ಒತ್ತಾಯ ಮಾಡಬೇಡಿ.

ದೋಣಿ ನೀರಿಗಿಳಿದ ಮೇಲೆ ಕೊಚ್ಚಿಯ ಹಿನ್ನೀರಿನ ಓಡಾಟಗಳಲ್ಲಿ ನಮ್ಮ ಜೊತೆ ಇಬ್ಬರಿಗೆ ಜಾಗ ಇರುತ್ತದೆ. ಈಜು ಬರಬೇಕು, ಹಗ್ಗ ಎಳೆಯಲು, ಪಾತ್ರೆ ತೊಳೆಯಲು ತಯಾರಿರಬೇಕು. ಲೈಫ್ ಜಾಕೆಟ್ ನಾವು ಕೊಡುತ್ತೇವೆ.